ಹಳೆಯ ಲೋಕನಕ್ಷೆ ಓದುವುದು ಹೇಗೆ? ಮೊದಲು ಅದರ ತಲೆ ಯಾವ ಕಡೆ ಅಂತ ನೋಡಿ

ಹಳೆಯ ನಕ್ಷೆಗಳ ಬಗ್ಗೆ ಬರೆದಾಗಲೆಲ್ಲ ಮೂರೇ ಪ್ರಶ್ನೆ ತಿರುಗಿ ತಿರುಗಿ ಬರುತ್ತವೆ. "ಇದರಲ್ಲಿ ನಮ್ಮ ಕಡೆಯ ಊರು ಎಲ್ಲಿದೆ?", "ಆಗಿನವರು ಇಷ್ಟು ತಪ್ಪು ತಪ್ಪಾಗಿ ಯಾಕೆ ಬರೆದರು?", "ಇದು ಅಸಲಿಯಾ, ನಕಲಿಯಾ?" ಬಿಡಿ ಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ನಾನು ಒಂದು ಹಳೆಯ ಲೋಕನಕ್ಷೆಯ ಮುಂದೆ ಕೂತಾಗ ಯಾವ ಕ್ರಮದಲ್ಲಿ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಎರಡನೇ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ನಕ್ಷೆ ಎಷ್ಟು ತಪ್ಪು ಅಂತ ಅಳೆಯಲು ಕೂತರೆ ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ. ಇದನ್ನು ಯಾರು, ಯಾರಿಗಾಗಿ, ಏನು ಕೆಲಸಕ್ಕೆ ಮಾಡಿದರು ಅಂತ ಕೇಳಿದರೆ ಅದೇ ನಕ್ಷೆ ಮಾತಾಡಲು ಶುರು ಮಾಡುತ್ತದೆ. ಹಡಗಿನವನ ನಕ್ಷೆ ಬೇರೆ, ಚರ್ಚಿನ ಗೋಡೆಯ ನಕ್ಷೆ ಬೇರೆ, ರಾಜನಿಗೆ ಕಾಣಿಕೆ ಕೊಟ್ಟದ್ದು ಬೇರೆ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ದೊಡ್ಡ ಅಳತೆಯ ಸ್ಕ್ಯಾನ್ ಒಂದು, ಶಾಲೆಯ ಅಟ್ಲಾಸ್ ಒಂದು, ಬಿಳಿ ಹಾಳೆ, ಪೆನ್ಸಿಲ್. ಪುಟ್ಟ ಗ್ಲೋಬ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಿತ್ತಳೆ ಹಣ್ಣೂ ನಡೆಯುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ವಾಟ್ಸಾಪ್‌ನಲ್ಲಿ ಬಂದ ಚಿತ್ರ ಇಟ್ಟುಕೊಂಡು ಮಾತ್ರ ಶುರು ಮಾಡಬೇಡಿ. ಅದರಲ್ಲಿ ಅಕ್ಷರ ಕಾಣುವುದಿಲ್ಲ, ಅಂಚು ಕತ್ತರಿಸಿರುತ್ತಾರೆ. ಹಳೆಯ ನಕ್ಷೆಯಲ್ಲಿ ಅರ್ಧ ವಿಷಯ ಅಂಚಿನಲ್ಲೇ ಇರುವುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಡೇವಿಡ್ ರಮ್ಸಿ ಸಂಗ್ರಹ, ಈ ಮೂರೂ ಕಡೆ ದೊಡ್ಡ ಸ್ಕ್ಯಾನ್‌ಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಕೊಟ್ಟು ಇಳಿಸಿಕೊಳ್ಳುವ ಅಗತ್ಯವೇ ಇಲ್ಲ.

1. ಎರಡು ವಯಸ್ಸು ಬರೆದುಕೊಳ್ಳಿ

ಪ್ರತಿ ಹಳೆಯ ನಕ್ಷೆಗೂ ಎರಡು ವಯಸ್ಸು. ಒಂದು, ಅದರಲ್ಲಿರುವ ತಿಳಿವಳಿಕೆಯ ವಯಸ್ಸು. ಇನ್ನೊಂದು, ನಿಮ್ಮ ಕಣ್ಣ ಮುಂದಿರುವ ಹಾಳೆ ಅಥವಾ ಚರ್ಮದ ವಯಸ್ಸು. ಇವೆರಡನ್ನು ಬೆರೆಸಿಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಟಾಲೆಮಿಯನ್ನೇ ನೋಡಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಈ ವಿದ್ವಾಂಸ ಕ್ರಿ.ಶ. 150ರ ಸುಮಾರಿಗೆ ಗ್ರೀಕ್ ಭಾಷೆಯಲ್ಲಿ ಭೂಗೋಳದ ಪುಸ್ತಕ ಬರೆದ. ಅದರಲ್ಲಿ ಸುಮಾರು 8,000 ಸ್ಥಳಗಳ ಹೆಸರು ಇವೆ. ಹೆಚ್ಚಿನವುಗಳ ಪಕ್ಕದಲ್ಲಿ ಎರಡು ಅಂಕಿಗಳೂ ಇವೆ, ಅಂದರೆ ಅಕ್ಷಾಂಶ, ರೇಖಾಂಶ. ಅಕ್ಷಾಂಶ ಅಂದರೆ ಭೂಮಿಯ ನಡುಗೆರೆಯಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಅನ್ನುವ ಲೆಕ್ಕ. ರೇಖಾಂಶ ಅಂದರೆ ಗೊತ್ತು ಮಾಡಿಕೊಂಡ ಒಂದು ಸೊನ್ನೆ ಗೆರೆಯಿಂದ ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಅನ್ನುವ ಲೆಕ್ಕ.

ಆದರೆ ಟಾಲೆಮಿಯ ಕಾಲದ ನಕ್ಷೆ ಒಂದೂ ಉಳಿದಿಲ್ಲ. "2ನೇ ಶತಮಾನದ ಟಾಲೆಮಿ ನಕ್ಷೆ" ಅಂತ ಎಲ್ಲೆಡೆ ಕಾಣುವ ಬಣ್ಣದ ಚಿತ್ರಗಳು ಆ ಅಂಕಿಗಳನ್ನು ಹಿಡಿದು ಸಾವಿರಕ್ಕೂ ಹೆಚ್ಚು ವರ್ಷ ಆದ ಮೇಲೆ ಬಿಡಿಸಿದವು. 1300ರ ಆಸುಪಾಸಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪಂಡಿತರು ಆ ಪುಸ್ತಕವನ್ನು ಮತ್ತೆ ಹುಡುಕಿ ತೆಗೆದರು. 1400ರ ಮೊದಲ ದಶಕದಲ್ಲಿ ಇಟಲಿಯಲ್ಲಿ ಅದು ಲ್ಯಾಟಿನ್‌ಗೆ ಬಂತು. ನಕ್ಷೆಗಳ ಸಮೇತ ಮೊದಲು ಅಚ್ಚಾದದ್ದು 1477ರಲ್ಲಿ, ಬೊಲೊನ್ಯಾದಲ್ಲಿ. ಹಾಗಾಗಿ ಸಮುದ್ರದ ಬಣ್ಣ, ಗಾಳಿ ಊದುವ ಮುಖಗಳು ಇವೆಲ್ಲ 15ನೇ ಶತಮಾನದವರ ಕೈಚಳಕ. ಊರು ಎಲ್ಲಿ ಕೂತಿದೆ ಅನ್ನುವುದು ಮಾತ್ರ ಟಾಲೆಮಿಯದು.

ರೋಮನ್ನರ ರಸ್ತೆಗಳನ್ನು ತೋರಿಸುವ ಪ್ಯೂಟಿಂಗರ್ ನಕ್ಷೆಯ ಕಥೆಯೂ ಇದೇ. ಈಗ ವಿಯೆನ್ನಾದಲ್ಲಿರುವುದು 1200ರ ಸುಮಾರಿನ ಪ್ರತಿ. ಒಳಗಿನ ಸಂಗತಿ ರೋಮನ್ ಕಾಲದ್ದು. ಆರು ಮೀಟರಿಗೂ ಉದ್ದ, ಅಗಲ ಸುಮಾರು ಒಂದೂವರೆ ಗೇಣು ಅಷ್ಟೇ, ಮೊದಲು ಸುರುಳಿ ಸುತ್ತಿಡುತ್ತಿದ್ದಂಥದ್ದು. ಅದರ ಬಲ ತುದಿಯಲ್ಲಿ ಕೇರಳದ ಮುಜಿರಿಸ್ ಬಂದರು ಇದೆ, ಪಕ್ಕದಲ್ಲಿ ಅಗಸ್ಟಸ್ ದೊರೆಯ ಗುಡಿ ಅಂತ ಗುರುತು ಇದೆ.

ಹಾಳೆಯ ಮೇಲೆ ಎರಡು ಖಾನೆ ಮಾಡಿ, ಎರಡೂ ವಯಸ್ಸು ಬರೆದುಕೊಂಡ ಮೇಲೆ ಮುಂದೆ ಹೋಗಿ.

2. ತಲೆ ಯಾವ ಕಡೆ?

ಮೇಲೆ ಉತ್ತರ ಇರಬೇಕು ಅಂತ ಯಾವ ದೇವರೂ ಹೇಳಿಲ್ಲ. ಅದು ರೂಢಿ ಅಷ್ಟೇ. ಟಾಲೆಮಿಯ ಪುಸ್ತಕ ಹಿಡಿದು ಬಂದ ನಕ್ಷೆಗಳಲ್ಲಿ ಉತ್ತರ ಮೇಲಿದೆ, ನಮ್ಮ ಶಾಲೆಯ ನಕ್ಷೆಗಳೂ ಆ ಸಾಲಿನವೇ.

ಇಂಗ್ಲೆಂಡಿನ ಹೆರ್‌ಫರ್ಡ್ ಚರ್ಚಿನಲ್ಲಿರುವ 1300ರ ಸುಮಾರಿನ ದೊಡ್ಡ ನಕ್ಷೆಯಲ್ಲಿ ಮೇಲೆ ಇರುವುದು ಪೂರ್ವ. ಸ್ವರ್ಗದ ತೋಟ ಪೂರ್ವದಲ್ಲಿದೆ ಅಂತ ಅವರ ನಂಬಿಕೆ, ಅದಕ್ಕೇ ಅದು ತಲೆಯ ಮೇಲೆ. ಕನ್ನಡದವರಿಗೆ ಇದು ತೀರಾ ಅಪರಿಚಿತ ಅನಿಸಬಾರದು. ಸೂರ್ಯ ಮೂಡುವುದು ಮೂಡಣ, ಬೀಳುವುದು ಪಡುವಣ. ನಮ್ಮ ಮಾತಿನಲ್ಲೂ ದಿಕ್ಕಿನ ಲೆಕ್ಕ ಶುರುವಾಗುವುದು ಸೂರ್ಯನಿಂದಲೇ ಅಲ್ವಾ?

ಅರಬ್ ಭೂಗೋಳ ವಿದ್ವಾಂಸ ಅಲ್ ಇದ್ರಿಸಿ ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ 1154ರಲ್ಲಿ ಮಾಡಿ ಮುಗಿಸಿದ ನಕ್ಷೆಯಲ್ಲಿ ಮೇಲೆ ದಕ್ಷಿಣ. ವೆನಿಸ್‌ನ ಸನ್ಯಾಸಿ ಫ್ರಾ ಮೌರೊ 1450ರ ಸುಮಾರಿಗೆ ಮಾಡಿದ, ಎರಡು ಮೀಟರ್ ಅಗಲದ ದುಂಡು ನಕ್ಷೆಯಲ್ಲೂ ಮೇಲೆ ದಕ್ಷಿಣವೇ. ಇವನ್ನು ಮೊದಲ ಸಲ ನೋಡಿದವರು "ಏನೂ ಅರ್ಥ ಆಗ್ತಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಚಿತ್ರವನ್ನು ಸುಮ್ನೆ ತಲೆಕೆಳಗು ಮಾಡಿ. ಆಫ್ರಿಕಾ, ಅರೇಬಿಯಾ ತಟ್ಟನೆ ಕಾಣುತ್ತವೆ.

ದಿಕ್ಕು ಹಿಡಿಯಲು ಸುಲಭದ ದಾರಿ ಹೀಗೆ. ಮೊದಲು ಮೆಡಿಟರೇನಿಯನ್ ಸಮುದ್ರ ಹುಡುಕಿ, ಅದು ಉದ್ದನೆಯ ನೀರಿನ ಪಟ್ಟಿ. ಆಮೇಲೆ ಕೆಂಪು ಸಮುದ್ರ. ಹೆರ್‌ಫರ್ಡ್ ನಕ್ಷೆಯಲ್ಲೂ 1375ರ ಕೆಟಲಾನ್ ಅಟ್ಲಾಸ್‌ನಲ್ಲೂ ಅದಕ್ಕೆ ನಿಜವಾಗಿಯೂ ಕೆಂಪು ಬಣ್ಣ ಬಳಿದಿದ್ದಾರೆ, ಹುಡುಕುವ ಶ್ರಮವೇ ಇಲ್ಲ. ಮೂರನೆಯದು ನೈಲ್ ನದಿ. ಈ ಮೂರು ಸಿಕ್ಕರೆ ದಿಕ್ಕು ಸಿಕ್ಕಿತು.

ಎಚ್ಚರಿಕೆ: ದೊಡ್ಡ ಅಕ್ಷರದಲ್ಲಿ ಬರೆದ ಖಂಡದ ಹೆಸರನ್ನೇ ನಂಬಿ ಕೂರಬೇಡಿ. ಹೆರ್‌ಫರ್ಡ್ ನಕ್ಷೆಯಲ್ಲಿ ಯುರೋಪಿನ ಮೇಲೆ ಆಫ್ರಿಕಾ ಅಂತಲೂ ಆಫ್ರಿಕಾದ ಮೇಲೆ ಯುರೋಪ್ ಅಂತಲೂ ಚಿನ್ನದ ಅಕ್ಷರದಲ್ಲಿ ಅದಲು ಬದಲಾಗಿ ಬರೆದಿದೆ!

3. ನಡುವಿನಲ್ಲಿ ಯಾರು ಕೂತಿದ್ದಾರೆ?

ಈಗ ನಕ್ಷೆಯ ನಟ್ಟನಡುವೆ ಬೆರಳಿಡಿ. ಅಲ್ಲಿ ಏನಿದೆಯೋ ಅದು ಮಾಡಿದವರ ಮನಸ್ಸಿನ ನಡು.

ಬ್ರಿಟಿಷ್ ಮ್ಯೂಸಿಯಂನಲ್ಲಿ ಅಂಗೈಯಷ್ಟು ದೊಡ್ಡ ಮಣ್ಣಿನ ಫಲಕ ಒಂದಿದೆ. ಕ್ರಿ.ಪೂ. 6ನೇ ಶತಮಾನದ ಸುಮಾರಿನದು. ಇಡೀ ಲೋಕವನ್ನು ತೋರಿಸುವ ನಕ್ಷೆಗಳಲ್ಲಿ ಉಳಿದಿರುವ ಅತಿ ಹಳೆಯವುಗಳಲ್ಲಿ ಅದೂ ಒಂದು. ಒಂದು ದುಂಡು ಭೂಮಿ, ಸುತ್ತ ಉಪ್ಪುನೀರಿನ ಉಂಗುರ, ಅದರಾಚೆ ಮುಕ್ಕೋನದಂಥ ನಾಡುಗಳು. ಮೇಲಿಂದ ಕೆಳಗೆ ಯೂಫ್ರೆಟಿಸ್ ನದಿ. ಅದಕ್ಕೆ ಅಡ್ಡಲಾಗಿ ಹೆಚ್ಚು ಕಡಿಮೆ ನಡುವಿನಲ್ಲಿ ಒಂದು ಆಯತ, ಅದೇ ಬ್ಯಾಬಿಲೋನ್. ಬೇರೆ ಊರುಗಳಿಗೆಲ್ಲ ಪುಟ್ಟ ಪುಟ್ಟ ಸುತ್ತು ಅಷ್ಟೇ. ಮಾಡಿದವರು ಎಲ್ಲಿಯವರು ಅಂತ ಬೇರೆ ಹೇಳಬೇಕಾ?

ಹೆರ್‌ಫರ್ಡ್ ನಕ್ಷೆಯಲ್ಲಿ ನಡುವೆ ಜೆರುಸಲೇಮ್. ಫ್ರಾ ಮೌರೊ ಅದನ್ನು ಅಲ್ಲಿಂದ ಸರಿಸಿದ. ಸರಿಸಿದ್ದಕ್ಕೆ ನಕ್ಷೆಯ ಮೇಲೆಯೇ ಸಮಜಾಯಿಷಿ ಕೊಟ್ಟ: ಜನ ಎಲ್ಲಿ ಜಾಸ್ತಿ ಇದ್ದಾರೆ ಅನ್ನುವ ಲೆಕ್ಕ ಹಿಡಿದರೆ ಜೆರುಸಲೇಮೇ ನಡು. ಬೈಸಿಕೊಳ್ಳುವ ಭಯ ಇತ್ತೇನೋ ಅಂತ ನನಗೆ ಅನಿಸುತ್ತದೆ. ಕೊರಿಯಾದವರು 1402ರಲ್ಲಿ ಮಾಡಿದ ಕಾಂಗ್ನಿಡೋ ನಕ್ಷೆಯಲ್ಲಿ ಚೀನಾ ನಡುವಿನಲ್ಲಿ ಹರಡಿಕೊಂಡು ಕೂತಿದೆ, ಕೊರಿಯಾ ತನ್ನ ನಿಜ ಗಾತ್ರಕ್ಕಿಂತ ಬಹಳ ದೊಡ್ಡದಾಗಿದೆ, ಆಫ್ರಿಕಾ ಒಂದು ಮೂಲೆಯಲ್ಲಿ ನೇತಾಡುತ್ತಿದೆ.

ಸೊನ್ನೆ ಗೆರೆಯೂ ಒಂದು ಥರದ ನಡುವೇ. ಟಾಲೆಮಿ ಅದನ್ನು ತನಗೆ ಗೊತ್ತಿದ್ದ ಲೋಕದ ಪಶ್ಚಿಮ ತುದಿಯ ದ್ವೀಪಗಳಲ್ಲಿ ಇಟ್ಟ, ಈಗಿನ ಕ್ಯಾನರಿ ದ್ವೀಪಗಳು ಅಂತ ಇಟ್ಟುಕೊಳ್ಳಿ. ನಮ್ಮ ಜ್ಯೋತಿಷಿಗಳ ಸೊನ್ನೆ ಗೆರೆ ಉಜ್ಜಯಿನಿಯ ಮೇಲೆ ಹಾದುಹೋಗುತ್ತಿತ್ತು. ಆ ಲೆಕ್ಕ ಅರಬ್ಬರ ಕೈಗೆ ಹೋದಾಗ ಉಜ್ಜಯಿನಿ ಬಾಯಿಂದ ಬಾಯಿಗೆ, ಬರಹದಿಂದ ಬರಹಕ್ಕೆ ಬದಲಾಗಿ "ಅರಿನ್" ಆಯಿತು. ಯುರೋಪಿನ ಹಳೆಯ ಪುಸ್ತಕಗಳಲ್ಲಿ ಲೋಕದ ನಡುವೆ ಅರಿನ್ ಅನ್ನುವ ಊರಿದೆ ಅಂತ ಓದಿದರೆ ಗೊಂದಲ ಬೇಡ, ಅದು ನಮ್ಮ ಉಜ್ಜಯಿನಿಯೇ. ಗ್ರೀನ್‌ವಿಚ್ ಎಲ್ಲರ ಸೊನ್ನೆ ಗೆರೆ ಆಗಲಿ ಅಂತ ಒಪ್ಪಿಗೆಯಾದದ್ದು 1884ರಷ್ಟು ಈಚೆಗೆ. ಅದಕ್ಕೂ ಹಿಂದಿನ ನಕ್ಷೆಯ ರೇಖಾಂಶದ ಅಂಕಿಯನ್ನು ಇವತ್ತಿನ ಫೋನಿಗೆ ಹಾಕಿ ಊರು ಹುಡುಕಿದರೆ ಎಲ್ಲೋ ಸಮುದ್ರದಲ್ಲಿ ಬೀಳುತ್ತೀರಿ.

4. "ಆಗ ಭೂಮಿ ಚಪ್ಪಟೆ ಅಂದುಕೊಂಡಿದ್ದರು" ಅನ್ನುವುದನ್ನು ಬಿಡಿ

ಮಧ್ಯಯುಗದ ಯುರೋಪಿನಲ್ಲಿ ಒಂದು ಸರಳ ಚಿತ್ರ ಬಹಳ ಓಡಾಡುತ್ತಿತ್ತು. ಒಂದು ಸುತ್ತು, ಒಳಗೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಗೆರೆ. ಮೇಲಿನ ಅರ್ಧ ಏಷ್ಯಾ, ಕೆಳಗೆ ಎಡಕ್ಕೆ ಯುರೋಪ್, ಬಲಕ್ಕೆ ಆಫ್ರಿಕಾ. ಟಿಯ ಕಾಲು ಮೆಡಿಟರೇನಿಯನ್, ಎರಡು ತೋಳು ಡಾನ್ ಮತ್ತು ನೈಲ್ ನದಿಗಳು. ಸುತ್ತಲಿನ ಉಂಗುರ ಸಾಗರ. ಇದನ್ನು ಟಿ-ಓ ನಕ್ಷೆ ಅನ್ನುತ್ತಾರೆ. ಯುರೋಪಿನಲ್ಲಿ ಅಚ್ಚು ಯಂತ್ರದಿಂದ ಹೊರಬಿದ್ದ ಮೊದಲ ಲೋಕನಕ್ಷೆ, 1472ರದು, ಇದೇ ಥರದ್ದು.

ಇದನ್ನು ನೋಡಿ "ತಟ್ಟೆಯಂಥ ಭೂಮಿ" ಅನ್ನುವವರು ಬಹಳ. ಅಲ್ಲ. ಇದು ನಮ್ಮ ರೈಲು ನಿಲ್ದಾಣದ ಗೋಡೆಯ ಮಾರ್ಗಸೂಚಿ ಇದ್ದ ಹಾಗೆ. ಯಾವುದರ ಪಕ್ಕ ಯಾವುದು ಅಂತ ನೆನಪಿಟ್ಟುಕೊಳ್ಳಲು ಮಾಡಿದ್ದು, ಅಳತೆಗಲ್ಲ.

ಭೂಮಿ ದುಂಡಗಿದೆ ಅಂತ ಓದಿದವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಅದರ ಸುತ್ತಳತೆಯನ್ನೇ ಲೆಕ್ಕ ಹಾಕಿದ. ಈಜಿಪ್ಟಿನ ದಕ್ಷಿಣದ ಸೈಯೀನ್ ಊರಿನಲ್ಲಿ, ವರ್ಷದ ಅತಿ ಉದ್ದದ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಬೀಳುವುದಿಲ್ಲ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ಆ ನೆರಳಿನ ಕೋನ ಇಡೀ ಸುತ್ತಿನ 50ರಲ್ಲಿ ಒಂದು ಪಾಲು, ಅಂದರೆ 7.2 ಡಿಗ್ರಿ. ಎರಡು ಊರಿನ ನಡುವಿನ ದೂರ 5,000 ಸ್ಟೇಡಿಯಾ ಅಂತ ಇಟ್ಟುಕೊಂಡ, ಸ್ಟೇಡಿಯಾ ಅಂದರೆ ಗ್ರೀಕರ ಉದ್ದದ ಅಳತೆ. 5,000ವನ್ನು 50ರಿಂದ ಗುಣಿಸಿದರೆ 2,50,000. ಇಷ್ಟೇ ಲೆಕ್ಕ. ಕಿತ್ತಳೆ ಹಣ್ಣಿಗೆ ಎರಡು ಗುಂಡುಸೂಜಿ ಚುಚ್ಚಿ ಟಾರ್ಚ್ ಹಿಡಿದರೆ ಮಕ್ಕಳಿಗೂ ಅರ್ಥ ಆಗುತ್ತದೆ.

ಟಾಲೆಮಿ ಮಾತ್ರ ಇದಕ್ಕಿಂತ ಚಿಕ್ಕ ಅಂಕಿ ಹಿಡಿದ, 1,80,000 ಸ್ಟೇಡಿಯಾ. ಭೂಮಿ ಚಿಕ್ಕದಾಯಿತು. ಇದರ ಪರಿಣಾಮ ಮುಂದಿನ ಹಂತದಲ್ಲಿ ಕಾಣುತ್ತದೆ.

5. ಗೆರೆಗಳನ್ನು ಓದಿ

ನಕ್ಷೆಯ ಮೇಲೆ ಗೆರೆಗಳಿದ್ದರೆ ಅವು ಯಾವ ಬಗೆಯವು ಅಂತ ನೋಡಿ. ಎರಡು ಬಗೆ ಇವೆ, ಒಂದನ್ನು ಇನ್ನೊಂದು ಅಂದುಕೊಂಡರೆ ಎಲ್ಲ ಕೆಡುತ್ತದೆ.

ಚೌಕ ಚೌಕವಾಗಿ ಅಥವಾ ಬೀಸಣಿಗೆಯ ಹಾಗೆ ಬಾಗಿದ ಬಲೆ ಇದ್ದರೆ ಅದು ಅಕ್ಷಾಂಶ ರೇಖಾಂಶಗಳ ಬಲೆ, ಟಾಲೆಮಿಯ ಸಂತಾನ. ಅದರಲ್ಲಿ ಉತ್ತರ ದಕ್ಷಿಣದ ಲೆಕ್ಕ ಪರವಾಗಿಲ್ಲ ಅನ್ನುವಂತಿರುತ್ತದೆ, ಪೂರ್ವ ಪಶ್ಚಿಮದ ಲೆಕ್ಕ ಎಳೆದಾಡಿದಂತಿರುತ್ತದೆ. ಮೆಡಿಟರೇನಿಯನ್ ಸಮುದ್ರದ ಉದ್ದ ಸುಮಾರು 42 ಡಿಗ್ರಿ. ಟಾಲೆಮಿ ಅದಕ್ಕೆ 62 ಡಿಗ್ರಿ ಕೊಟ್ಟಿದ್ದಾನೆ. ಏಷ್ಯಾ ಕೂಡ ಹೀಗೇ ಪೂರ್ವಕ್ಕೆ ಹಿಗ್ಗಿತು. ಭೂಮಿ ಚಿಕ್ಕದು, ಏಷ್ಯಾ ಉದ್ದ ಅಂದಮೇಲೆ ಪಶ್ಚಿಮಕ್ಕೆ ಹೊರಟರೆ ಏಷ್ಯಾ ಬೇಗ ಸಿಗಬೇಕಲ್ಲ? ಕೊಲಂಬಸ್ ಹಿಡಿದ ತರ್ಕ ಇದೇ ಜಾಡಿನದು.

ಯಾಕೆ ಹೀಗೆ? ಅಕ್ಷಾಂಶ ಸುಲಭ, ಆಕಾಶ ನೋಡಿದರೆ ಸಾಕು. ಇವತ್ತು ರಾತ್ರಿ ಮಂಗಳೂರಿನಲ್ಲಿ ನಿಂತು ಧ್ರುವ ನಕ್ಷತ್ರ ಹುಡುಕಿ, ಅದು ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿರುತ್ತದೆ. ಮಂಗಳೂರಿನ ಅಕ್ಷಾಂಶವೂ ಸುಮಾರು 13 ಡಿಗ್ರಿಯೇ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಮೇಲೆ ಎರಡು ಬೆರಳು ಇಟ್ಟರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಅರಬ್ಬಿ ಸಮುದ್ರದ ನಾವಿಕರು ಇದೇ ಕೆಲಸಕ್ಕೆ ಕಮಾಲ್ ಅನ್ನುವ ಸಾಧನ ಇಟ್ಟುಕೊಳ್ಳುತ್ತಿದ್ದರು. ಒಂದು ಮರದ ಹಲಗೆ, ಗಂಟು ಹಾಕಿದ ದಾರ, ಅಷ್ಟೇ. ಲೆಕ್ಕವನ್ನೂ ಬೆರಳಿನಲ್ಲೇ ಹೇಳುತ್ತಿದ್ದರು. ರೇಖಾಂಶಕ್ಕೆ ಹೀಗೆ ಆಗುವುದಿಲ್ಲ. ಎರಡು ಊರಿನ ಹೊತ್ತಿನ ವ್ಯತ್ಯಾಸ ಗೊತ್ತಾಗಬೇಕು, ಅದಕ್ಕೆ ಅಲುಗಾಡುವ ಹಡಗಿನಲ್ಲೂ ತಪ್ಪದ ಗಡಿಯಾರ ಬೇಕು. ಅದು ಬಂದದ್ದು 18ನೇ ಶತಮಾನದಲ್ಲಿ.

ಎರಡನೆಯ ಬಗೆ ಜೇಡರ ಬಲೆಯಂಥ ಗೆರೆಗಳು. ಕೆಲವು ಬಿಂದುಗಳಿಂದ ನಾಲ್ಕೂ ದಿಕ್ಕಿಗೆ ನೇರ ಗೆರೆ ಚಿಮ್ಮಿರುತ್ತವೆ. ಇವು ದಿಕ್ಸೂಚಿಯ ದಿಕ್ಕುಗಳು. ಇಂಥ ನಾವಿಕರ ನಕ್ಷೆಗೆ ಪೋರ್ಟೊಲಾನ್ ಅಂತ ಹೆಸರು. ಉಳಿದವುಗಳಲ್ಲಿ ಹಳೆಯವು 13ನೇ ಶತಮಾನದ ಕೊನೆಯ ಸುಮಾರಿನವು. ಇವನ್ನು ಓದುವ ಗುಟ್ಟು ಇದು: ಬಂದರಿನ ಹೆಸರು ಕರಾವಳಿಗೆ ಅಡ್ಡಲಾಗಿ, ನೆಲದ ಕಡೆಗೆ ಬರೆದಿರುತ್ತದೆ. ಸಮುದ್ರದ ಭಾಗ ಹಡಗಿನ ದಾರಿಗೆ ಖಾಲಿ ಇರಬೇಕು ನೋಡಿ. ಮುಖ್ಯ ಬಂದರು ಕೆಂಪು ಶಾಯಿಯಲ್ಲಿ, ಉಳಿದವು ಕಪ್ಪಿನಲ್ಲಿ. ಹೆಸರುಗಳು ಎಲ್ಲ ದಿಕ್ಕಿಗೂ ತಿರುಗಿರುವುದರಿಂದ ನಕ್ಷೆಯನ್ನು ಸುತ್ತಿಸುತ್ತಾ ಓದಬೇಕು, ಇಲ್ಲಿ ತಲೆ ಯಾವ ಕಡೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕರಾವಳಿ ಬೆರಗಾಗುವಷ್ಟು ಸರಿ, ಒಳನಾಡು ಬಹುತೇಕ ಖಾಲಿ. ಹಡಗಿನವನಿಗೆ ಒಳನಾಡು ಯಾಕೆ?

ಈ ಎರಡೂ ಬಗೆ ಸೇರಿದ್ದು ಯುರೋಪಿನ ನಕ್ಷೆಗಾರ ಮರ್ಕೇಟರ್‌ನ 1569ರ ನಕ್ಷೆಯಲ್ಲಿ. ಒಂದೇ ದಿಕ್ಕು ಹಿಡಿದು ಹೋಗುವ ಹಡಗಿನ ದಾರಿ ನಕ್ಷೆಯ ಮೇಲೆ ನೇರ ಗೆರೆ ಆಗುವ ಹಾಗೆ ಅವನು ಬಲೆಯನ್ನು ಮೇಲೆ ಕೆಳಗೆ ಹಿಗ್ಗಿಸಿದ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಧ್ರುವದ ಹತ್ತಿರದ ನಾಡುಗಳು ಊದಿಕೊಂಡವು. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು, ಈ ಬಗೆಯ ನಕ್ಷೆಯಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಅಂತ ಕಾಣುತ್ತವೆ. ಗಾತ್ರ ಹೋಲಿಸಲು ಯಾವತ್ತೂ ಗ್ಲೋಬ್ ಬಳಸಿ.

6. ನಮ್ಮ ಕಡೆಯ ಊರು ಹುಡುಕುವುದು

ನಿಮ್ಮಲ್ಲಿ ಜಾಸ್ತಿ ಜನ ಕೇಳುವುದು ಇದನ್ನೇ.

ಮೊದಲಿಗೆ, ಟಾಲೆಮಿ ಬಗೆಯ ನಕ್ಷೆಯಲ್ಲಿ ತೂಗುವ ಮೂಗಿನಂಥ ಭಾರತ ಹುಡುಕಬೇಡಿ. ಅಲ್ಲಿ ನಮ್ಮ ಪರ್ಯಾಯದ್ವೀಪ ತಟ್ಟಿ ಚಪ್ಪಟೆ ಮಾಡಿದಂತೆ ಇದೆ, ಕರಾವಳಿ ಸುಮಾರಾಗಿ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. ಅದರ ಕೆಳಗೆ ಭಾರಿ ದೊಡ್ಡ ದ್ವೀಪವೊಂದಿದೆ, ತಪ್ರೊಬಾನೆ. ಇದನ್ನೇ ಭಾರತ ಅಂದುಕೊಳ್ಳುವವರು ಬಹಳ. ಅದು ಶ್ರೀಲಂಕಾ, ನಿಜಕ್ಕಿಂತ ಹಲವು ಪಟ್ಟು ಊದಿದ ಶ್ರೀಲಂಕಾ. ಹಿಂದೂ ಮಹಾಸಾಗರವೂ ಸುತ್ತ ನೆಲದಿಂದ ಮುಚ್ಚಿದ ದೊಡ್ಡ ಕೆರೆಯಂತೆ ಇರುತ್ತದೆ. ಸಿಂಧೂ ಬಾಯಿ, ಗಂಗೆಯ ಬಾಯಿ ಎರಡನ್ನೂ ಮೊದಲು ಗುರುತಿಸಿ, ನಡುವಿನದ್ದು ಭಾರತ. ಒಳನಾಡಿನ ಊರುಗಳ ಪಟ್ಟಿಯಲ್ಲಿ ಬನವಾಸಿ ಇದೆ, ಗ್ರೀಕ್ ಬರವಣಿಗೆಯಲ್ಲೂ ಹೆಸರು ಸಲೀಸಾಗಿ ಗುರುತು ಸಿಗುತ್ತದೆ. ಬಾದಾಮಿ, ಮುದಗಲ್ಲು ಇವನ್ನೂ ವಿದ್ವಾಂಸರು ಆ ಪಟ್ಟಿಯಲ್ಲಿ ಗುರುತಿಸಿದ್ದಾರೆ.

ಭಾರತದ ಆಕಾರ ಸರಿಯಾಗುವುದು ಪೋರ್ಚುಗೀಸರು ಬಂದ ಮೇಲೆ. ಲಿಸ್ಬನ್‌ನಿಂದ 1502ರಲ್ಲಿ ಗುಟ್ಟಾಗಿ ಇಟಲಿಗೆ ಸಾಗಿಸಿದ ಕಾಂಟಿನೋ ನಕ್ಷೆ ನೋಡಿ. ವಾಸ್ಕೋ ಡ ಗಾಮ ಬಂದು ನಾಲ್ಕೇ ವರ್ಷ ಆಗಿತ್ತು, ಅಷ್ಟರಲ್ಲಿ ಭಾರತ ಕೆಳಗಿಳಿದು ಮೂಗಿನಂತೆ ಚೂಪಾಗಿದೆ. ಈ ನಕ್ಷೆ 19ನೇ ಶತಮಾನದಲ್ಲಿ ಮೊಡೆನಾದ ಒಬ್ಬ ಮಾಂಸದಂಗಡಿಯವನ ಬಳಿ ಸಿಕ್ಕಿತು, ಈಗ ಅಲ್ಲಿನ ಎಸ್ಟೆನ್ಸೆ ಗ್ರಂಥಾಲಯದಲ್ಲಿದೆ.

16, 17ನೇ ಶತಮಾನದ ನಕ್ಷೆಗಳಲ್ಲಿ ನಮ್ಮ ಕರಾವಳಿಯ ಹೆಸರುಗಳು ಉತ್ತರದಿಂದ ದಕ್ಷಿಣಕ್ಕೆ ಹೀಗೆ ಸಾಲಾಗಿ ಬರುತ್ತವೆ: ಗೋವಾ, ಆಂಜೆದೀವ, ಓನೋರ್, ಬಟಿಕಲ, ಬಾರ್ಸೆಲೋರ್, ಮಂಗಲೋರ್, ಆಮೇಲೆ ಕನನೋರ್, ಕಲೆಕುಟ್, ಕೊಚ್ಚಿನ್. ಆಂಜೆದೀವ ಕಾರವಾರದ ಎದುರಿನ ಅಂಜದೀಪ. ಓನೋರ್ ಹೊನ್ನಾವರ. ಬಟಿಕಲ ಭಟ್ಕಳ. ಬಾರ್ಸೆಲೋರ್ ಬಸ್ರೂರು. ಸ್ಪೇನಿನ ಬಾರ್ಸಿಲೋನಾಕ್ಕೂ ಅದಕ್ಕೂ ಸಂಬಂಧ ಇಲ್ಲ, ಕೇಳುವವರಿದ್ದಾರೆ ಅದಕ್ಕೆ ಹೇಳಿದೆ. ಎಲ್ಲ ನಕ್ಷೆಯಲ್ಲೂ ಎಲ್ಲ ಹೆಸರೂ ಇರುವುದಿಲ್ಲ, ಕಾಗುಣಿತವೂ ಒಂದೊಂದರಲ್ಲಿ ಒಂದೊಂದು ಥರ. ಒಳನಾಡಿನಲ್ಲಿ ದೊಡ್ಡದಾಗಿ "ನರ್ಸಿಂಗ" ಅಂತ ಇದ್ದರೆ ಅದು ವಿಜಯನಗರ ರಾಜ್ಯ. ಸಾಳುವ ನರಸಿಂಹನ ಹೆಸರನ್ನೇ ಪೋರ್ಚುಗೀಸರು ರಾಜ್ಯಕ್ಕೆ ಹಚ್ಚಿದರು. "ಬಿಸ್ನಗ", "ಬಿಸ್ನಗರ್" ಅಂದರೆ ಊರು, ಅಂದರೆ ಹಂಪಿ.

ಜಾಸ್ತಿ ಜನ ಎಡವುವುದು ಇಲ್ಲಿ: ಕನನೋರ್ ಅಂದರೆ ಕನ್ನಡ ನಾಡಲ್ಲ, ಕೇರಳದ ಕಣ್ಣೂರು. ನಮ್ಮ ಕರಾವಳಿಗೆ ಅವರು ಇಟ್ಟ ಹೆಸರು ಕನರಾ. ಬರೀ ಧ್ವನಿ ಹೋಲುತ್ತದೆ ಅಂತ ಊರು ಗುರುತಿಸಲು ಹೋಗಬೇಡಿ. ಅಕ್ಕಪಕ್ಕದ ಎರಡು ಊರು, ಅವುಗಳ ಕ್ರಮ, ಪಕ್ಕದ ನದಿ, ಈ ಮೂರೂ ಹೊಂದಿದರೆ ಮಾತ್ರ ಒಪ್ಪಿಕೊಳ್ಳಿ.

ಇನ್ನೊಂದು, ಮಧ್ಯಯುಗದ ಯುರೋಪಿನಲ್ಲಿ "ಇಂಡಿಯಾ" ಅನ್ನುವ ಮಾತು ಬಹಳ ಅಗಲ. ಮೂರು ಇಂಡಿಯಾ ಅಂತ ಲೆಕ್ಕ ಹಾಕುತ್ತಿದ್ದರು, ಇಥಿಯೋಪಿಯವೂ ಕೆಲವೊಮ್ಮೆ ಅದರೊಳಗೆ ಬರುತ್ತಿತ್ತು. ಹೆಸರು ಕಂಡ ತಕ್ಷಣ ಖುಷಿ ಪಡಬೇಡಿ.

7. ಅಂಚು, ರಾಕ್ಷಸರು, ಖಾಲಿ ಜಾಗ

ಹೆರ್‌ಫರ್ಡ್ ನಕ್ಷೆಯ ಭಾರತದಲ್ಲಿ ಒಂಟಿ ಕಾಲಿನ ಒಬ್ಬ ಮನುಷ್ಯ ಇದ್ದಾನೆ. ಪಾದ ಎಷ್ಟು ದೊಡ್ಡದೆಂದರೆ ಬಿಸಿಲಿಗೆ ಅದನ್ನೇ ಕೊಡೆ ಮಾಡಿಕೊಳ್ಳುತ್ತಾನೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಬರಹಗಾರ ಕ್ಟೀಸಿಯಸ್ ಹೇಳಿದ ಕಥೆ ಅದು. ಸಾವಿರದ ಏಳುನೂರು ವರ್ಷ ನಕಲಾಗುತ್ತಾ ಚರ್ಚಿನ ಗೋಡೆಗೆ ಬಂತು. ಇಂಥವನ್ನು ನೋಡಿ ನಗಬಹುದು, ತಪ್ಪಿಲ್ಲ. ಆದರೆ ಯಾವ ಜಾಗಕ್ಕೆ ಹೋಗಿ ನೋಡಿದವರಿಲ್ಲ, ಬರೀ ಪುಸ್ತಕ ಓದಿ ತುಂಬಿಸಿದ್ದಾರೆ ಅನ್ನುವುದನ್ನು ಈ ಚಿತ್ರಗಳೇ ತೋರಿಸಿಕೊಡುತ್ತವೆ. ಹಾಗಾಗಿ ಅವನ್ನೂ ಗುರುತು ಹಾಕಿಕೊಳ್ಳಿ.

"ಇಲ್ಲಿ ಡ್ರ್ಯಾಗನ್‌ಗಳಿವೆ" ಅಂತ ಹಳೆಯ ನಕ್ಷೆಗಳಲ್ಲೆಲ್ಲ ಬರೆದಿರುತ್ತಿದ್ದರು ಅನ್ನುವುದು ಕಟ್ಟುಕಥೆ. 1500ರ ದಶಕದ ಆರಂಭದ ಒಂದೆರಡು ಪುಟ್ಟ ಗ್ಲೋಬ್‌ಗಳ ಮೇಲೆ ಮಾತ್ರ ಆ ಮಾತು ಸಿಗುತ್ತದೆ.

ರಾಕ್ಷಸರಿಗಿಂತ ಮೋಸ ಮಾಡುವುದು ಗಂಭೀರವಾಗಿ ಬರೆದ ಸುಳ್ಳು. ಬಂಗಾಳದ ಸರ್ವೆ ಮಾಡಿದ ಜೇಮ್ಸ್ ರೆನೆಲ್ 1798ರಲ್ಲಿ ಪಶ್ಚಿಮ ಆಫ್ರಿಕಾದ ನಕ್ಷೆಯಲ್ಲಿ ಕಾಂಗ್ ಪರ್ವತ ಅನ್ನುವ ಉದ್ದನೆಯ ಸಾಲು ಹಾಕಿದ. ಅಂಥ ಪರ್ವತ ಇರಲೇ ಇಲ್ಲ. ಆದರೂ ಸುಮಾರು ನೂರು ವರ್ಷ ಎಲ್ಲರೂ ಅದನ್ನು ನಕಲು ಮಾಡಿದರು. ಕ್ಯಾಲಿಫೋರ್ನಿಯಾ 17ನೇ ಶತಮಾನದ ಬಹುಪಾಲು ನಕ್ಷೆಗಳಲ್ಲಿ ದ್ವೀಪವಾಗಿತ್ತು. ಕೊನೆಗೆ 1747ರಲ್ಲಿ ಸ್ಪೇನಿನ ದೊರೆ ಅದು ದ್ವೀಪವಲ್ಲ ಅಂತ ಆಜ್ಞೆ ಹೊರಡಿಸಬೇಕಾಯಿತು.

ಇನ್ನು ಪೀರಿ ರೇಯಿಸ್. ಇದರ ಬಗ್ಗೆ ತಿಂಗಳಿಗೊಂದು ಫಾರ್ವರ್ಡ್ ಬರುತ್ತದೆ. ತುರ್ಕಿ ನೌಕಾಪಡೆಯ ಈ ಅಧಿಕಾರಿ 1513ರಲ್ಲಿ ಮಾಡಿದ ನಕ್ಷೆಯ ಒಂದು ತುಂಡು 1929ರಲ್ಲಿ ಇಸ್ತಾಂಬುಲ್‌ನ ಅರಮನೆಯಲ್ಲಿ ಸಿಕ್ಕಿತು. ಕೆಳಗೆ ದಕ್ಷಿಣ ಅಮೆರಿಕದ ತೀರ ಬಾಗಿ ಪೂರ್ವಕ್ಕೆ ಓಡುತ್ತದೆ. "ಮಂಜಿಲ್ಲದ ಅಂಟಾರ್ಕ್ಟಿಕಾ, ಅನ್ಯಗ್ರಹದವರು ಕೊಟ್ಟದ್ದು" ಅಂತ ಕಥೆ ಕಟ್ಟಿದ್ದಾರೆ. ಪೀರಿ ರೇಯಿಸ್ ತಾನು ಏನೇನು ನೋಡಿ ಬರೆದೆ ಅಂತ ನಕ್ಷೆಯ ಮೇಲೇ ಪಟ್ಟಿ ಕೊಟ್ಟಿದ್ದಾನೆ. ಸುಮಾರು ಇಪ್ಪತ್ತು ನಕ್ಷೆಗಳು, ಅದರಲ್ಲಿ ಪೋರ್ಚುಗೀಸರದೂ ಇವೆ, ಕೊಲಂಬಸ್‌ನದೂ ಒಂದಿದೆ. ಪಾಪ, ಅಷ್ಟು ಪ್ರಾಮಾಣಿಕವಾಗಿ ಬರೆದವನ ಮಾತು ಯಾರೂ ಓದುವುದಿಲ್ಲ.

8. ಕಾಲ ಗೊತ್ತು ಮಾಡುವುದು

ನಕ್ಷೆಯ ಮೇಲೆ ಇಸವಿ ಇಲ್ಲದಿದ್ದರೆ ಕೆಲವು ಗುರುತುಗಳಿಂದ ಅಂದಾಜು ಮಾಡಬಹುದು. ಅಮೆರಿಕ ಅನ್ನುವ ಹೆಸರು ಮೊದಲು ಬಂದದ್ದು 1507ರಲ್ಲಿ, ಜರ್ಮನ್ ನಕ್ಷೆಗಾರ ವಾಲ್ಡ್‌ಸೀಮುಲ್ಲರ್ ನಕ್ಷೆಯಲ್ಲಿ. 12 ಹಾಳೆಗಳ ಆ ನಕ್ಷೆಯ ಒಂದೇ ಒಂದು ಪ್ರತಿ ಉಳಿದಿದೆ, 1901ರಲ್ಲಿ ಜರ್ಮನಿಯ ಒಂದು ಕೋಟೆಮನೆಯಲ್ಲಿ ಸಿಕ್ಕಿತು, ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಆದರೆ ಹೆಸರಿಲ್ಲದ ಮಾತ್ರಕ್ಕೆ 1507ಕ್ಕೂ ಹಿಂದಿನದು ಅನ್ನಬೇಡಿ, ವಾಲ್ಡ್‌ಸೀಮುಲ್ಲರೇ ತನ್ನ ಮುಂದಿನ ನಕ್ಷೆಗಳಲ್ಲಿ ಆ ಹೆಸರು ಕೈಬಿಟ್ಟಿದ್ದ. ಆಸ್ಟ್ರೇಲಿಯಾದ ಪೂರ್ವ ತೀರ ಸರಿಯಾಗಿದ್ದರೆ ಅದು ಇಂಗ್ಲಿಷ್ ನಾವಿಕ ಕುಕ್ ಅಲ್ಲಿಗೆ ಹೋದ 1770ರ ನಂತರದ್ದು. ಕ್ಯಾಲಿಫೋರ್ನಿಯಾ ದ್ವೀಪವಾಗಿದ್ದರೆ ಬಹುತೇಕ 1620ರ ನಂತರದ್ದು.

ಹೊಸ ಸಂಗತಿ ಇದ್ದರೆ ಅದಕ್ಕಿಂತ ಹಿಂದಿನದಲ್ಲ ಅಂತ ಖಚಿತ. ಹಳೆಯ ಸಂಗತಿ ಇದ್ದರೆ ಏನೂ ಹೇಳಲಾಗದು. ತಾಮ್ರದ ತಗಡಿನ ಮೇಲೆ ಒಮ್ಮೆ ಕೆತ್ತಿದರೆ ಅದರಿಂದಲೇ ದಶಕಗಟ್ಟಲೆ ಅಚ್ಚು ಹಾಕುತ್ತಿದ್ದರು. ಆಂಟ್ವರ್ಪ್‌ನ ಆರ್ಟೇಲಿಯಸ್ 1570ರಲ್ಲಿ ಹೊರತಂದ ಅಟ್ಲಾಸ್‌ನ ಭಾರತದಲ್ಲಿ ನರ್ಸಿಂಗ ಇದೆ. 1565ರಲ್ಲೇ ಹಂಪಿ ಹಾಳಾಗಿತ್ತು. ಸುದ್ದಿ ತಗಡಿಗೆ ಮುಟ್ಟುವುದು ನಿಧಾನ.

9. ಕೊಳ್ಳುವ ಮುಂಚೆ

ಭೂತಗನ್ನಡಿ ತೆಗೆದುಕೊಂಡು ಹೋಗಿ. ಬಣ್ಣ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಈ ಕಾಲದ ಆಫ್‌ಸೆಟ್ ಮುದ್ರಣ, ಮಾತು ಮುಗಿಯಿತು. ಗೆರೆಗಳು ಚೂಪಾಗಿದ್ದು ಅಂಚಿನ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಕ್ಕರೆ ತಾಮ್ರದ ಅಚ್ಚು ಇರಬಹುದು. ಕಾಗದವನ್ನು ಬೆಳಕಿಗೆ ಹಿಡಿಯಿರಿ. 1750ಕ್ಕೆ ಮುಂಚಿನ ಯುರೋಪಿನ ಕಾಗದದಲ್ಲಿ ತೆಳು ಸಮಾನಾಂತರ ಗೆರೆಗಳು ಕಾಣಬೇಕು, ಎಷ್ಟೋ ಸಲ ವಾಟರ್‌ಮಾರ್ಕ್ ಕೂಡ ಇರುತ್ತದೆ. ನಡುವೆ ಮಡಿಕೆ ಇದ್ದರೆ ಬೇಸರ ಬೇಡ, ಅಟ್ಲಾಸ್‌ನಿಂದ ಬಂದ ಹಾಳೆಗೆ ಅದು ಸಹಜ. ಚಹಾ ಬಣ್ಣ ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ನಿಜವಾಗಿಯೂ ಚಹಾವೇ ಇರಬಹುದು.

ಕಾಗದ ಹಳೆಯದು ಅಂದರೆ ನಕ್ಷೆ ಹಳೆಯದು ಅಂತ ಅರ್ಥವಲ್ಲ. ಕೊಲಂಬಸ್‌ಗಿಂತ ಮುಂಚೆ ಅಮೆರಿಕದ ತೀರ ತೋರಿಸಿದ ನಕ್ಷೆ ಅಂತ ಯೇಲ್ ವಿಶ್ವವಿದ್ಯಾಲಯ 1965ರಲ್ಲಿ ವಿನ್‌ಲ್ಯಾಂಡ್ ನಕ್ಷೆಯನ್ನು ಜಗತ್ತಿಗೆ ತೋರಿಸಿತು. ಚರ್ಮ ನಿಜಕ್ಕೂ 15ನೇ ಶತಮಾನದ್ದೇ. ಶಾಯಿಯಲ್ಲಿ ಮಾತ್ರ 1920ರ ದಶಕದಿಂದ ಈಚೆಗೆ ಬಣ್ಣಗಳಿಗೆ ಸೇರಿಸುವ ಟೈಟಾನಿಯಂ ಸಿಕ್ಕಿತು. 2021ರಲ್ಲಿ ಯೇಲ್‌ನವರೇ ಅದು ನಕಲಿ ಅಂದರು.

ಮನೆಯಲ್ಲಿ ಅಜ್ಜನ ಕಾಲದ ನಕ್ಷೆ ಇದ್ದರೆ ಬಿಸಿಲು ಬೀಳುವ ಗೋಡೆಗೆ ನೇತು ಹಾಕಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಾನೇ ಒಮ್ಮೆ ಅಂಗಡಿಯವರ ಮಾತು ಕೇಳಿ ಒಂದು ಹಳೆಯ ಹಾಳೆಗೆ ಮಾಡಿಸಿದೆ. ಬಿಸಿಗೆ ಬಣ್ಣ ಕದಡಿತು. ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೂ ಅದರ ಜೊತೆಗೇ ಎದ್ದು ಬರುತ್ತದೆ. ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ, ಸುರುಳಿ ಸುತ್ತದೆ, ಮಟ್ಟಸವಾಗಿ ಮಲಗಿಸಿಡಿ. ನೋಡಬೇಕು ಅನಿಸಿದಾಗಲೆಲ್ಲ ತೆಗೆಯುವ ಬದಲು ಒಮ್ಮೆ ಚೆನ್ನಾಗಿ ಫೋಟೋ ತೆಗೆದಿಟ್ಟುಕೊಂಡರೆ ಸಾಕು. ಗೋಡೆಗೆ ಆ ಫೋಟೋ ಹಾಕಿ.